ಬರೀ 'ಅಲ್ಲಿ' ಹಾಕಿದರೆ ಪ್ರಾಸ ಆಗಲ್ಲ ಮಾರಾಯ್ರೆ

ಕಾಲೇಜಿನ ವಾರ್ಷಿಕ ಸಂಚಿಕೆಯ ಹೊತ್ತಿಗೆ ಕನ್ನಡ ಮೇಷ್ಟ್ರ ಮೇಜಿನ ಮೇಲೆ ಕವನಗಳ ಕಟ್ಟೇ ಬೀಳುತ್ತದೆ. ಮಂಗಳೂರಿನ ಮಕ್ಕಳು, ಹಾಗಾಗಿ ಮಳೆ, ಕಡಲು, ತೆಂಗು ಎಲ್ಲ ಇರುತ್ತದೆ. ಒಂದು ಸಾಲು 'ಮರದಲ್ಲಿ' ಅಂತ ಮುಗಿದರೆ ಮುಂದಿನದು 'ಕಡಲಲ್ಲಿ', ಅದರ ಮುಂದಿನದು 'ಮನೆಯಲ್ಲಿ'. ಪ್ರಾಸ ಬಂತಲ್ಲ ಸರ್ ಅಂತಾರೆ. ಬಂದದ್ದು ಸಪ್ತಮಿ ವಿಭಕ್ತಿ, ಅಷ್ಟೇ. ಕನ್ನಡದಲ್ಲಿ ಪ್ರತ್ಯಯ ಪದದ ಕೊನೆಗೇ ಅಂಟುವುದರಿಂದ ಈ ಥರ ನೂರು ಸಾಲು ಬೆವರಿಲ್ಲದೆ ಬರೆಯಬಹುದು.

ಹಳಬರು ಪ್ರಾಸವನ್ನು ಸಾಲಿನ ತಲೆಯ ಹತ್ತಿರ ಇಟ್ಟದ್ದಕ್ಕೆ ಇದೂ ಒಂದು ಕಾರಣ ಇರಬೇಕು ಅಂತ ನನ್ನ ಗುಮಾನಿ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಸ್ವರ ಬೇರೆಯಾದರೂ ಪರವಾಗಿಲ್ಲ, ಅದೇ ಆದಿಪ್ರಾಸ. ಪಂಜೆ ಮಂಗೇಶರಾಯರ 'ನಾಗರ ಹಾವೇ' ಪದ್ಯ ನೆನಪಿದೆ ಅಲ್ವಾ? ಮೊದಲ ಸಾಲು 'ನಾಗರ', ಎರಡನೆಯದು 'ಬಾಗಿಲ'. ಎರಡೂ ಕಡೆ ಎರಡನೇ ಅಕ್ಷರ ಗಕಾರ, ಅದರ ಹಿಂದೆ ದೀರ್ಘ. ಇದು ಗಜಪ್ರಾಸ. ಹಿಂದೆ ಹ್ರಸ್ವ ಇದ್ದರೆ ಸಿಂಹ, ಸೊನ್ನೆ ಇದ್ದರೆ ವೃಷಭ, ಎರಡನೇ ಅಕ್ಷರ 'ಕ್ಕ', 'ತ್ತ' ಥರ ಅದೇ ವ್ಯಂಜನದ ಒತ್ತಕ್ಷರವಾದರೆ ಹಯ. ನಾಗವರ್ಮನ ಹಳೆಯ ಛಂದಸ್ಸಿನ ಗ್ರಂಥ 'ಛಂದೋಂಬುಧಿ'ಯಲ್ಲಿ ಇಂಥವು ಆರು, ಎಲ್ಲವೂ ಪ್ರಾಣಿಗಳೇ! ಪಂಜೆಯವರು ಕೊನೆಯಲ್ಲೂ 'ಹೂವೇ', 'ಠಾವೇ' ಅಂತ ಹೊಂದಿಸಿದ್ದಾರೆ, ಮಕ್ಕಳ ಬಾಯಲ್ಲಿ ಅದು ಕುಣಿಯದೆ ಇರುತ್ತದಾ?

ಆದರೆ ಎರಡನೇ ಅಕ್ಷರಕ್ಕಾಗಿ ಪದ ಹುಡುಕುತ್ತಾ ಕೂತರೆ ಹೇಳಬೇಕಾದ ಮಾತೇ ಜಾರಿಹೋಗುತ್ತದೆ. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಈ ಕಟ್ಟುಪಾಡನ್ನೇ ಬಿಟ್ಟು ಬರೆದರು. ಅದಕ್ಕೂ ಮೊದಲೇ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದ ನಂದಳಿಕೆಯ ಕವಿ ಮುದ್ದಣ ತನ್ನ ಕೃತಿಯಲ್ಲಿ ಮಡದಿ ಮನೋರಮೆಯ ಬಾಯಲ್ಲಿ 'ಪದ್ಯಂ ವಧ್ಯಂ, ಗದ್ಯಂ ಹೃದ್ಯಂ' ಅಂತ ಹೇಳಿಸಿದ್ದ. ತಮಾಷೆ ನೋಡಿ, ಪದ್ಯ ಬೇಡ ಅನ್ನುವ ಈ ಮಾತು ಇಷ್ಟು ವರ್ಷ ಜನರ ಬಾಯಲ್ಲಿ ಉಳಿದಿರುವುದೇ ಪ್ರಾಸದ ದೆಸೆಯಿಂದ.

'ಕೈ ಕೆಸರಾದರೆ ಬಾಯಿ ಮೊಸರು' ಗಾದೆಯನ್ನೂ ಒಮ್ಮೆ ಕಿವಿಗೊಟ್ಟು ಕೇಳಿ. 'ಕೆಸರಾದರೆ' ಮುಗಿಯುವ ರೀತಿಗೂ 'ಮೊಸರು' ಮುಗಿಯುವ ರೀತಿಗೂ ಸಂಬಂಧವೇ ಇಲ್ಲ, ಆದರೂ ಕಿವಿ ಹಿಡಿಯುತ್ತದೆ, ಯಾಕೆಂದರೆ ಹೊಂದಿಕೆ ಇರುವುದು ಪದದ ಒಡಲಲ್ಲಿ. ಹಾಗಾಗಿ ಮಕ್ಕಳಿಗೆ ನಾನು ಹೇಳುವುದಿಷ್ಟೇ: ಬರೆದ ಮೇಲೆ ಪ್ರತ್ಯಯ ಕಿತ್ತು ಓದಿ. ಮರ, ಕಡಲು, ಮನೆ ಉಳಿದರೆ ಅಲ್ಲಿ ಏನೂ ಇಲ್ಲ. ಮಳೆ, ಬೆಳೆ, ಕಳೆ ಉಳಿದರೆ ಇದೆ. ಸಿಗಲಿಲ್ಲವೋ, ಬಿಟ್ಟುಬಿಡಿ, ಪ್ರಾಸ ಇಲ್ಲದ ಕವನವನ್ನೂ ಸಂಚಿಕೆಗೆ ಹಾಕುತ್ತೇನೆ. ನಾಲ್ಕು ಸಾಲಿಗೂ 'ಅಲ್ಲಿ' ಅಂಟಿಸಿ ತಂದದ್ದು ಮಾತ್ರ ವಾಪಸ್.