ಶ್ವಾಸಕೋಶಕ್ಕೆ ಉಸಿರಾಡಲು ಬರುವುದಿಲ್ಲ

ಹೃದಯವನ್ನು ದೇಹದಿಂದ ಹೊರತೆಗೆದು ಸರಿಯಾದ ದ್ರವ ಹರಿಸಿದರೆ ಅದು ಹೊರಗೂ ಬಡಿಯುತ್ತಲೇ ಇರುತ್ತದೆ. ತಾಳ ಹಾಕುವ ಕೋಶಗಳು ಅದರೊಳಗೇ ಇವೆ. ಶ್ವಾಸಕೋಶದ ಕಥೆ ಬೇರೆ. ಅದಕ್ಕೆ ಸ್ವಂತ ಲಯವೂ ಇಲ್ಲ, ತನ್ನನ್ನು ತಾನೇ ಹಿಗ್ಗಿಸಿಕೊಳ್ಳುವ ಸ್ನಾಯುವೂ ಇಲ್ಲ. ಎದೆಗೂ ಹೊಟ್ಟೆಗೂ ನಡುವಿನ ವಪೆ ಕೆಳಗೆ ಸರಿದಾಗ ಅದು ಹಿಗ್ಗುತ್ತದೆ, ಗಾಳಿ ಒಳಗೆ ಬರುತ್ತದೆ. ಆ ವಪೆಯಾದರೂ ಸ್ವತಂತ್ರವೇ? ಅದೂ ಅಲ್ಲ. ಕತ್ತಿನ ಹತ್ತಿರ ಬೆನ್ನುಹುರಿಯಿಂದ ಹೊರಡುವ ನರ ಹೇಳಿದಾಗಷ್ಟೇ ಕುಗ್ಗುತ್ತದೆ. ಸುಮ್ನೆ ಕೂತಿದ್ದರೂ ನಿಮಿಷಕ್ಕೆ 12ರಿಂದ 20 ಸಲ, ನಿದ್ದೆಯಲ್ಲೂ ತಪ್ಪದೆ, ಆ ನರಕ್ಕೆ ಅಪ್ಪಣೆ ಕೊಡುವವರು ಯಾರು?

ಫ್ರಾನ್ಸಿನ ವೈದ್ಯ ಲೆಗಲ್ವಾ 1812ರ ಹೊತ್ತಿಗೆ ಇದರ ಜಾಡು ಹಿಡಿದಿದ್ದ. ಮೊಲದ ಮೆದುಳನ್ನು ಮೇಲಿನಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಬಂದ. ದೊಡ್ಡ ಮೆದುಳು ಹೋದರೂ ಉಸಿರು ನಿಲ್ಲಲಿಲ್ಲ. ಕತ್ತಿ ಮೆಡುಲ್ಲಾಕ್ಕೆ, ಅಂದರೆ ಮೆದುಳ ಕಾಂಡ ಬೆನ್ನುಹುರಿಗೆ ಕೂಡುವ ಭಾಗಕ್ಕೆ ಬಂದಾಗ ನಿಂತಿತು. ಕೇಳುವುದಕ್ಕೇ ಕಷ್ಟವಾಗುವ ಪ್ರಯೋಗ. ಆದರೆ ಊರು ಗೊತ್ತಾಯಿತು. ಮನೆ ಯಾವುದೆಂದು ಗೊತ್ತಾಗಲು 1991ರವರೆಗೆ ಕಾಯಬೇಕಾಯಿತು.

ಆ ವರ್ಷ ಅಮೆರಿಕದಲ್ಲಿ ಜೆಫ್ರಿ ಸ್ಮಿತ್, ಜ್ಯಾಕ್ ಫೆಲ್ಡ್‌ಮನ್ ಮತ್ತು ಸಂಗಡಿಗರು ಆಗಷ್ಟೇ ಹುಟ್ಟಿದ ಇಲಿಮರಿಯ ಮೆಡುಲ್ಲಾವನ್ನು ತೆಳ್ಳಗೆ ಹೆರೆಯುತ್ತಾ ಹೋದರು. ಯಾವ ಹೋಳು ಹೋದಾಗ ಲಯ ಕೆಡುತ್ತದೆ ಎಂದು ನೋಡಿದರು. ಕೊನೆಗೆ ಅದೊಂದು ಜಾಗವಿರುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಬಿಲ್ಲೆಯನ್ನು ಮಾತ್ರ ಉಳಿಸಿಕೊಂಡು, ಆಮ್ಲಜನಕ ಬೆರೆಸಿದ ಉಪ್ಪುದ್ರವದಲ್ಲಿ ಇಟ್ಟರು. ನಾಲಿಗೆಯನ್ನು ಆಡಿಸುವ ನರದ ಬೇರುಗಳು ಆ ಬಿಲ್ಲೆಯ ಅಂಚಿನಲ್ಲಿ ಉಳಿದಿರುತ್ತವೆ. ಪ್ರತಿ ಉಸಿರಿಗೂ ಗಂಟಲ ದಾರಿ ತೆರೆದಿರಲೆಂದು ಈ ನರವೂ ಮಿಡಿಯುತ್ತದೆ. ಅದಕ್ಕೆ ಎಲೆಕ್ಟ್ರೋಡ್ ತಾಗಿಸಿದರೆ ಕೆಲವು ಸೆಕೆಂಡಿಗೊಮ್ಮೆ ವಿದ್ಯುತ್ ಮಿಡಿತದ ಗೊಂಚಲು ಏಳುತ್ತದೆ, ಇಳಿಯುತ್ತದೆ, ಮತ್ತೆ ಏಳುತ್ತದೆ. ಶ್ವಾಸಕೋಶ ಇಲ್ಲ, ವಪೆ ಇಲ್ಲ, ಇಲಿಯೇ ಇಲ್ಲ. ಒಳಗೆ ಎಳೆದುಕೊಳ್ಳಲು ಏನೂ ಇಲ್ಲದಿದ್ದರೂ "ಎಳೆದುಕೋ" ಎಂಬ ಅಪ್ಪಣೆ ಮಾತ್ರ ಹೊರಡುತ್ತಿದೆ!

ಈ ಜಾಗದ ಹೆಸರು ಪ್ರಿ-ಬೋಟ್ಸಿಂಗರ್ ಕಾಂಪ್ಲೆಕ್ಸ್. ಇದರ ಪಕ್ಕದ ಜಾಗಕ್ಕೆ ಜರ್ಮನಿಯ ಒಂದು ವಿಜ್ಞಾನ ಸಭೆಯಲ್ಲಿ ಮೇಜಿನ ಮೇಲಿದ್ದ ವೈನ್ ಬಾಟಲಿಯ ಹೆಸರನ್ನೇ ಇಟ್ಟಿದ್ದರು, ಇದಕ್ಕೂ ಅದೇ ಅಂಟಿಕೊಂಡಿತು.

ಅಲ್ಲಿರುವುದು ಕೆಲವು ಸಾವಿರ ನರಕೋಶಗಳು. ತಮ್ಮಷ್ಟಕ್ಕೆ ತಾವೇ ಮಿಡಿಯುವ ಕೋಶಗಳೂ ಅವುಗಳಲ್ಲಿವೆ. ಮಿಕ್ಕವುಗಳನ್ನು ನಡೆಸುವುದು ಅವೇನಾ ಎಂಬ ಬಗ್ಗೆ ಸಂಶೋಧಕರು ಇನ್ನೂ ಜಗಳವಾಡುತ್ತಾರೆ. ಫೆಲ್ಡ್‌ಮನ್ ಕಡೆಯವರ ವಾದ ಹೀಗೆ: ಯಜಮಾನ ಕೋಶ ಅಂತ ಯಾವುದೂ ಬೇಕಿಲ್ಲ. ಸಭೆಯಲ್ಲಿ ಯಾರೋ ಇಬ್ಬರು ಚಪ್ಪಾಳೆ ಶುರು ಮಾಡಿದರೆ ಇಡೀ ಸಭೆ ಸೇರಿಕೊಳ್ಳುತ್ತದಲ್ಲ, ಹಾಗೆ ಅಲ್ಲೊಂದು ಇಲ್ಲೊಂದು ಕೋಶ ಮಿಡಿದು ಪಕ್ಕದವನ್ನು ಎಬ್ಬಿಸುತ್ತವೆ, ಎಲ್ಲವೂ ಒಟ್ಟಿಗೆ ಸಿಡಿಯುತ್ತವೆ, ದಣಿದು ಸುಮ್ಮನಾಗುತ್ತವೆ. ಆ ಸಿಡಿತವೇ ಒಂದು ಉಸಿರು. ನನಗೂ ಇದೇ ಹೆಚ್ಚು ಒಪ್ಪುತ್ತದೆ. ಸುಮ್ನೆ ಕೂತಿದ್ದಾಗ ಉಸಿರು ಬಿಡುವುದಕ್ಕೆ ಶ್ರಮವೇ ಬೇಡ, ಹಿಗ್ಗಿದ ಶ್ವಾಸಕೋಶ ತಾನಾಗಿ ಕುಗ್ಗುತ್ತದೆ. ಓಡುವಾಗ ಮಾತ್ರ ಹೊಟ್ಟೆಯ ಸ್ನಾಯುಗಳು ಸೇರಿಕೊಳ್ಳುತ್ತವೆ.

ಎಷ್ಟು ಜೋರಾಗಿ ಉಸಿರಾಡಬೇಕು ಎಂದು ತೀರ್ಮಾನಿಸುವುದು ಬಹುಪಾಲು ಆಮ್ಲಜನಕವಲ್ಲ, ಇಂಗಾಲದ ಡೈಆಕ್ಸೈಡ್. ಇದನ್ನು 1905ರಲ್ಲಿ ತೋರಿಸಿದವರು ಬ್ರಿಟನ್ನಿನ ವಿಜ್ಞಾನಿಗಳಾದ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ. ಆ ಅನಿಲ ರಕ್ತದಲ್ಲಿ ಚೂರು ಹೆಚ್ಚಾದರೂ ಮೆದುಳ ಕಾಂಡದ ಕೋಶಗಳಿಗೆ ಆಮ್ಲೀಯತೆಯ ರೂಪದಲ್ಲಿ ಸುದ್ದಿ ಮುಟ್ಟುತ್ತದೆ. ಉಸಿರು ಬಿಗಿಹಿಡಿದಾಗ ಇನ್ನು ಆಗೋದೇ ಇಲ್ಲ ಎನಿಸುವುದು ಮುಖ್ಯವಾಗಿ ಇದರಿಂದಲೇ. ನೀರಿನಡಿ ಜಾಸ್ತಿ ಹೊತ್ತು ಇರಬೇಕೆಂದು ಧುಮುಕುವ ಮುಂಚೆ ಬುಸುಬುಸು ಉಸಿರಾಡುವ ಹುಡುಗರಿಗೆ ಇದು ಗೊತ್ತಿರಬೇಕು. ಹಾಗೆ ಮಾಡಿದರೆ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತದೆ. ಎಚ್ಚರಿಕೆ ಬರುವ ಮೊದಲೇ ಆಮ್ಲಜನಕ ಮುಗಿದು, ನೀರಿನಲ್ಲೇ ಪ್ರಜ್ಞೆ ತಪ್ಪುತ್ತದೆ. ಒಳ್ಳೆಯ ಈಜುಗಾರರೂ ಹೀಗೆ ಮುಳುಗಿದ್ದಾರೆ.

ಲಯವನ್ನು ಮೆದುಳಿನ ಕೈಗೆ ಕೊಟ್ಟಿದ್ದರಿಂದ ನಮಗೆ ಲಾಭವೂ ಇದೆ. ಮಾತಾಡಲು, ಹಾಡಲು, ನುಂಗಲು ನಾವು ಉಸಿರನ್ನು ತಡೆಯಬಲ್ಲೆವು, ಎಳೆಯಬಲ್ಲೆವು. ಹೃದಯವನ್ನು ಹಾಗೆ ಆಡಿಸಲಾಗುವುದಿಲ್ಲ. ಆದರೆ ನಿದ್ದೆಯಲ್ಲಿ ಕಾಂಡವೊಂದೇ ಪಾಳಿ ನೋಡಿಕೊಳ್ಳಬೇಕು. ಫಾಕ್ಸ್‌2ಬಿ ಎಂಬ ಜೀನ್ ಕೆಟ್ಟು ಹುಟ್ಟುವ ಕೆಲವು ಮಕ್ಕಳಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ಸುದ್ದಿ ಮುಟ್ಟುವುದಿಲ್ಲ. ಎಚ್ಚರವಿದ್ದಾಗ ಹೇಗೋ ನಡೆಯುತ್ತದೆ, ಮಲಗಿದರೆ ಉಸಿರು ತೀರಾ ಇಳಿದುಹೋಗುತ್ತದೆ. ರಾತ್ರಿ ವೆಂಟಿಲೇಟರ್ ಬೇಕು.

ಅಫೀಮಿನ ಜಾತಿಯ ಔಷಧಗಳು, ಅಂದರೆ ಮಾರ್ಫಿನ್, ಹೆರಾಯಿನ್, ಫೆಂಟನಿಲ್, ಹಿಡಿಯುವುದೂ ಇದೇ ಜಾಗವನ್ನು. ಪ್ರಿ-ಬೋಟ್ಸಿಂಗರ್ ಕೋಶಗಳ ಮೇಲೆ ಇವುಗಳಿಗೆ ಅಂಟಲು ಗ್ರಾಹಕಗಳಿವೆ. ನೋವು ತಗ್ಗಿಸುವ ಪ್ರಮಾಣ ದಾಟಿದರೆ ಲಯ ನಿಧಾನವಾಗಿ, ಕೊನೆಗೆ ನಿಂತುಬಿಡುತ್ತದೆ. ಇವು ಮಿತಿಮೀರಿ ಸತ್ತವರಲ್ಲಿ ಸಾಮಾನ್ಯವಾಗಿ ಮೊದಲು ಸೋತಿರುವುದು ಹೃದಯವಲ್ಲ, ಉಸಿರು. ನಲಾಕ್ಸೋನ್ ಎಂಬ ಮದ್ದು ಆ ಗ್ರಾಹಕಗಳಿಂದ ಅಫೀಮನ್ನು ತಳ್ಳಿ ಜಾಗ ಹಿಡಿಯುತ್ತದೆ. ಸಮಯಕ್ಕೆ ಸಿಕ್ಕರೆ ಕೆಲವೇ ನಿಮಿಷಗಳಲ್ಲಿ ಉಸಿರು ಮರಳುತ್ತದೆ. ಆದರೆ ನಲಾಕ್ಸೋನ್ ಪ್ರಭಾವ ಬೇಗ ಇಳಿಯುತ್ತದೆ, ಅಫೀಮಿನದು ಉಳಿದಿರಬಹುದು. ಅದಕ್ಕೇ ರೋಗಿ ಎದ್ದು ಕೂತರೂ ವೈದ್ಯರು ತಕ್ಷಣ ಮನೆಗೆ ಕಳಿಸುವುದಿಲ್ಲ.