ವಿಯೋಲಿಯಾ ಬೆಳೆದ ಬಗೆ: ಕರಾರು ನೋಡಿ ಓದಿ

ನೀರಿನ ಕಂಪನಿಗಳ ಪಾಠ ಬಂದಾಗ ನಾವು ಇಸವಿ, ದೇಶ, ಘಟಕಗಳ ಹೆಸರು ಬಾಯಿಪಾಠ ಮಾಡಿಬಿಡುತ್ತೇವೆ. ಫ್ರಾನ್ಸಿನ ವಿಯೋಲಿಯಾ ವಿಷಯದಲ್ಲಿ ಅದು ಸಾಲದು. ಪ್ರತಿ ಹಂತದಲ್ಲೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಹಣ ಹಾಕಿದ್ದು ಯಾರು? ಆಸ್ತಿ ಯಾರದು? ಕರಾರು ಎಷ್ಟು ವರ್ಷದ್ದು?

ಕಂಪನಿ ಹುಟ್ಟಿದ್ದು 1853ರಲ್ಲಿ, ಮೂರನೇ ನೆಪೋಲಿಯನ್ ಆಜ್ಞೆಯಿಂದ. ಆಗಿನ ಹೆಸರು ಕೊಂಪಾನಿ ಜೆನೆರಾಲ್ ದೆಜ್ ಓ. ಮೊದಲ ಊರು ಲಿಯಾನ್, ಕರಾರು 99 ವರ್ಷದ್ದು. ಇಲ್ಲಿ ಕಂಪನಿ ತಾನೇ ಬಂಡವಾಳ ಹಾಕಿ, ಪೈಪು ಎಳೆದು, ನೀರು ಮಾರಿ ಹಣ ವಾಪಸ್ ಪಡೆಯಬೇಕು. ಇದನ್ನು ಕನ್ಸೆಶನ್ ಅನ್ನುತ್ತಾರೆ.

1860ರ ಪ್ಯಾರಿಸ್ ಕರಾರು ಬೇರೆ ಥರ. ಕಾಮಗಾರಿ ನಗರದ ಕೈಯಲ್ಲೇ ಉಳಿಯಿತು. ಮನೆಗಳಿಗೆ ಸಂಪರ್ಕ ಕೊಡುವುದು, ಹಣ ವಸೂಲಿ ಮಾಡುವುದು ಕಂಪನಿಯ ಪಾಲು. ಈ ವ್ಯತ್ಯಾಸ ಚೆನ್ನಾಗಿ ಮನಸ್ಸಿಗೆ ಹಾಕಿಕೊಳ್ಳಿ. ಬಂಡವಾಳ ಕಡಿಮೆ ಹಾಕಿದರೆ ನಷ್ಟದ ಭಯವೂ ಕಡಿಮೆ, ಅಲ್ವಾ? ನನ್ನ ಪ್ರಕಾರ ಕಂಪನಿ ಇಷ್ಟು ಕಾಲ ಬಾಳಲು ಇದು ದೊಡ್ಡ ಕಾರಣ. 1880ರ ಆಸುಪಾಸಿನಲ್ಲಿ ಅದು ವೆನಿಸ್, ಕಾನ್‌ಸ್ಟಾಂಟಿನೋಪಲ್, ಪೋರ್ಟೊಗಳಿಗೂ ಹೋಯಿತು.

ಊರೊಂದು ಸಿಕ್ಕಿತು ಅಂದರೆ ಶಾಶ್ವತವಾಗಿ ಸಿಕ್ಕಿತು ಅಂತಲ್ಲ. ಪ್ಯಾರಿಸ್ 2010ರಲ್ಲಿ ನೀರನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡಿತು. ಬರ್ಲಿನ್ ತನ್ನ ನೀರು ಸಂಸ್ಥೆಯಲ್ಲಿದ್ದ ಕಂಪನಿಯ ಪಾಲನ್ನು 2013ರಲ್ಲಿ ಕೊಂಡುಕೊಂಡಿತು. 2023ರಲ್ಲಿ ಲಿಯಾನ್ ಕೂಡ ಸಾರ್ವಜನಿಕ ನಿರ್ವಹಣೆಗೆ ಬಂತು.

ಇನ್ನೊಂದು ದಾರಿ, ಬೇರೆ ಕಂಪನಿ ಕೊಳ್ಳುವುದು. 1998ರಲ್ಲಿ ಹೆಸರು ವಿವೆಂಡಿ ಆಯಿತು. 1999ರಲ್ಲಿ ಅಮೆರಿಕದ ನೀರು ಶುದ್ಧೀಕರಣ ಕಂಪನಿ ಯುಎಸ್ ಫಿಲ್ಟರ್ ಅನ್ನು ಸುಮಾರು 6.2 ಬಿಲಿಯನ್ ಡಾಲರ್‌ಗೆ ಕೊಂಡರು. ಸಿನಿಮಾ, ಸಂಗೀತ, ಟೆಲಿಕಾಂ ಅಂತ ಹರಡಿಕೊಂಡ ವಿವೆಂಡಿ 2002ರಲ್ಲಿ ಸಾಲದಲ್ಲಿ ಮುಳುಗಿತು. ನೀರಿನ ಭಾಗ ಬೇರೆಯಾಗಿ, 2003ರಲ್ಲಿ ವಿಯೋಲಿಯಾ ಎಂಬ ಹೆಸರು ಪಡೆಯಿತು. ಯುಎಸ್ ಫಿಲ್ಟರ್‌ನ ದೊಡ್ಡ ಭಾಗ 2004ರಲ್ಲಿ ಸೀಮೆನ್ಸ್‌ಗೆ ಹೋಯಿತು, ಸುಮಾರು 1 ಬಿಲಿಯನ್ ಡಾಲರ್‌ಗೆ. ಹಳೇ ಪ್ರತಿಸ್ಪರ್ಧಿ ಸ್ಯೂಯೆಜ್ ವಿಯೋಲಿಯಾದ ಕೈಸೇರಿದ್ದು 2022ರ ಜನವರಿಯಲ್ಲಿ. ಅದರ ಒಂದು ಭಾಗವನ್ನು ಮಾತ್ರ ಬೇರೆ ಹೂಡಿಕೆದಾರರಿಗೆ ಬಿಟ್ಟುಕೊಡಬೇಕಾಯಿತು, ಪೈಪೋಟಿ ಉಳಿಯಲಿ ಅಂತ.

ಶುದ್ಧೀಕರಣದ ಕೆಲಸಕ್ಕೆ ಎರಡು ಉದಾಹರಣೆ ಸಾಕು. ಪ್ಯಾರಿಸ್ ಹತ್ತಿರದ ಮೇರಿ-ಸ್ಯೂರ್-ಉಆಜ್‌ನಲ್ಲಿ 1999ರಿಂದ ನ್ಯಾನೊಫಿಲ್ಟ್ರೇಶನ್, ಅಂದರೆ ಅತಿ ಸೂಕ್ಷ್ಮ ರಂಧ್ರಗಳ ಪೊರೆಯಲ್ಲಿ ನೀರು ಸೋಸುವುದು, ನಡೆಯುತ್ತಿದೆ. ನದಿ ನೀರಿಗೆ ಸೇರಿದ ಕೀಟನಾಶಕಗಳನ್ನೂ ಆ ಪೊರೆಗಳು ತಡೆಯುತ್ತವೆ. ನಮೀಬಿಯಾದ ವಿಂಡ್‌ಹುಕ್‌ನಲ್ಲಿ ಕೊಳಚೆ ನೀರನ್ನೇ ಕುಡಿಯುವ ನೀರಾಗಿಸುತ್ತಾರೆ. ಅಲ್ಲಿ ಈ ಪದ್ಧತಿ ಶುರುವಾದದ್ದು 1968ರಲ್ಲಿ. 2002ರ ಹೊಸ ಘಟಕವನ್ನು ನಡೆಸಲು ಗುತ್ತಿಗೆ ಪಡೆದ ಕೂಟದಲ್ಲಿ ವಿಯೋಲಿಯಾ ಇತ್ತು.

ಈಗ ನಮ್ಮ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ. ಇಲ್ಲಿ ಮೂರು ಪ್ರಶ್ನೆಗಳಿಗೂ ಉತ್ತರ ಬೇರೆ. ಹಣಕ್ಕೆ ವಿಶ್ವಬ್ಯಾಂಕ್ ಸಾಲ. ಆಸ್ತಿ ಸರ್ಕಾರದ ಕಡೆಯದೇ. 2005ರಲ್ಲಿ ಗುತ್ತಿಗೆ ಪಡೆದ ವಿಯೋಲಿಯಾ, ಈ ಊರುಗಳ ಸುಮಾರು ಶೇ. 10 ಜನರಿರುವ ಪ್ರದೇಶಗಳಲ್ಲಿ ಪೈಪು ಬದಲಿಸಿ, ಮೀಟರ್ ಹಾಕಿ, 2008ರ ಹೊತ್ತಿಗೆ 24 ಗಂಟೆ ನೀರು ಕೊಟ್ಟಿತು. ದಿನ ಬಿಟ್ಟು ದಿನ ನೀರು ಬಿಟ್ಟರೆ ಪೈಪು ಖಾಲಿಯಾಗುತ್ತದೆ. ಆಗ ಸಣ್ಣ ಬಿರುಕಿನಿಂದ ಚರಂಡಿ ನೀರು ಒಳಗೆ ನುಗ್ಗುತ್ತದೆ. ಪೈಪಿನಲ್ಲಿ ಸದಾ ಒತ್ತಡ ಇದ್ದರೆ ನೀರು ಹೊರಗೆ ಸೋರಬಹುದು, ಕೊಳೆ ಒಳಗೆ ಬರುವುದು ಕಷ್ಟ. ಹಾಗಾಗಿ ಇಡೀ ದಿನದ ನೀರು ಸುಮ್ನೆ ಅನುಕೂಲದ ಮಾತಲ್ಲ, ಆರೋಗ್ಯದ ಮಾತು.

ಯೋಜನೆಯನ್ನು ಹುಬ್ಬಳ್ಳಿ-ಧಾರವಾಡ ಪೂರ್ತಿಗೆ ವಿಸ್ತರಿಸುವ ಗುತ್ತಿಗೆ ಮುಂದೆ ಎಲ್ ಅಂಡ್ ಟಿ ಪಾಲಾಯಿತು. ಮಾದರಿ ಕಟ್ಟಿಕೊಟ್ಟ ಕಂಪನಿಗೇ ಮುಂದಿನ ಕೆಲಸ ಸಿಗಬೇಕು ಅಂತೇನಿಲ್ಲ.