ಟಾರ್ಚ್ ಬಿಟ್ರೆ ಹಸಿರಾಗಿ ಹೊಳೆಯೋ ಕಲ್ಲೆಲ್ಲಾ ಯುರೇನಿಯಮ್ಮಾ?

ಪ್ರಶ್ನೆ: ಸಾರ್, ಆನ್‌ಲೈನಲ್ಲಿ ಯುವಿ (ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನ) ಟಾರ್ಚ್ ತರಿಸ್ದೆ, ಮನೇಲಿದ್ದ ಒಂದು ಕಲ್ಲಿಗೆ ಬಿಟ್ರೆ ಹಸಿರಾಗಿ ಹೊಳೀತಿದೆ. ಯುರೇನಿಯಂ ಇರಬಹುದಾ? ಶೋಕೇಸಲ್ಲಿ ಇಟ್ರೆ ಡೇಂಜರಾ?

ಹೊಳಪೇ ಬೇರೆ, ರೇಡಿಯೇಷನ್ನೇ ಬೇರೆ. ಯುವಿ ಬಿದ್ರೆ ಕ್ಯಾಲ್ಸೈಟ್, ಫ್ಲೋರೈಟ್ ಅನ್ನೋ ಮಾಮೂಲಿ ಖನಿಜಗಳೂ ಹೊಳೆಯುತ್ತೆ, ಸೋಪಿನ ಪುಡೀಲಿ ಒಗೆದ ಬಿಳಿ ಬನಿಯನ್ನೂ ಹೊಳೆಯುತ್ತೆ. ನಿಮಗೆ ಗೊಂದಲ ಆಗಿದ್ದಕ್ಕೆ ಬೇಜಾರ್ ಮಾಡ್ಕೋಬೇಡಿ, 1896ರಲ್ಲಿ ಪ್ಯಾರಿಸ್ಸಲ್ಲಿ ಹೆನ್ರಿ ಬೆಕೆರೆಲ್ ಅಂಥ ವಿಜ್ಞಾನಿಯೂ ಹಿಂಗೇ ಅನ್ಕೊಂಡಿದ್ರು. ಯುರೇನಿಯಂ ಇರೋ ಒಂದು ಲವಣಾನ ಬಿಸಿಲಿಗಿಟ್ರೆ ಅದು ಹೊಳೆದು, ಆ ಹೊಳಪಿನ ಜೊತೆ ಏನೋ ಕಿರಣ ಬಂದು, ಕಪ್ಪು ಕಾಗದ ಸುತ್ತಿರೋ ಫೋಟೋ ಪ್ಲೇಟ್ ಮೇಲೆ ಗುರುತು ಬೀಳುತ್ತೆ ಅಂತ ಅವರ ಲೆಕ್ಕ, ಆದ್ರೆ ಮೋಡ ಮುಚ್ಕೊಂಡು ಬಿಸಿಲೇ ಇಲ್ದೆ ಎಲ್ಲಾ ಡ್ರಾಯರ್ ಒಳಗೆ ಹಾಕಿಟ್ರು, ಆಮೇಲೆ ಫೋಟೋ ಪ್ಲೇಟ್ ತೊಳೆದು ನೋಡಿದ್ರೆ ಕತ್ತಲಲ್ಲೇ ಗುರುತು ಚೆನ್ನಾಗಿ ಬಿದ್ದಿತ್ತು! ಬೆಳಕೂ ಬೇಡ, ಹೊಳಪೂ ಬೇಡ, ಯುರೇನಿಯಂ ತಾನಾಗೇ ಕಿರಣ ಬಿಡ್ತಿದೆ ಅಂತ ಗೊತ್ತಾಗಿದ್ದು ಹಂಗೆ.

ಯುರೇನಿಯಂ ಖನಿಜಗಳಲ್ಲಿ ಯುವಿಗೆ ಹಳದಿ-ಹಸಿರಾಗಿ ಧಗಧಗ ಅನ್ನೋದು ಆಟುನೈಟ್, ಫ್ರಾನ್ಸಿನ ಆಟನ್ ಊರಿನ ಹೆಸರು ಅದಕ್ಕೆ. ಅದರ ಅಣ್ತಮ್ಮ ಟಾರ್ಬರ್ನೈಟ್, ಪಚ್ಚೆ ಬಣ್ಣದ ಚೌಕ ಚೌಕ ಹಾಳೆಗಳು, ನೋಡಕ್ಕೆ ನನಗಂತೂ ಇದೇ ಚೆಂದ, ಆದ್ರೆ ಒಳಗೆ ತಾಮ್ರ ಇರೋದ್ರಿಂದ ಹೊಳಪನ್ನೇ ನುಂಗಿಬಿಡುತ್ತೆ. ಇನ್ನು ನಿಜವಾದ ಪೈಲ್ವಾನ್ ಯುರೇನಿನೈಟ್ (ಪಿಚ್‌ಬ್ಲೆಂಡ್ ಅಂತಾರಲ್ಲ ಅದೇ), ಡಾಂಬರಿನ ಉಂಡೆ ತರ ಕಪ್ಪಗಿರುತ್ತೆ, ಕೈಗೆ ತಗೊಂಡ್ರೆ ಗಾತ್ರಕ್ಕಿಂತ ಭಾರ ಅನ್ಸುತ್ತೆ, ಟಾರ್ಚ್ ಎಷ್ಟು ಬಿಟ್ರೂ ಜಪ್ಪಯ್ಯ ಅನ್ನಲ್ಲ. ಈಗಿನ ಚೆಕ್ ದೇಶದ ಯಾಕಿಮೊವ್ ಊರಲ್ಲಿ ಬೆಳ್ಳಿ ತೆಗೀತಿದ್ದವರಿಗೆ ಸಿಗ್ತಿದ್ದಿದ್ದು ಇದೇ ಕಲ್ಲು. 1789ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಕ್ಲಾಪ್ರಾತ್ ಯುರೇನಿಯಂ ಪತ್ತೆ ಮಾಡಿದ್ದೂ ಪಿಚ್‌ಬ್ಲೆಂಡ್‌ನಲ್ಲೇ.

ಹಂಗಾಗಿ ಗುರುತಿಸಕ್ಕೆ ಟಾರ್ಚ್ ಸಾಲದು, ರೇಡಿಯೇಷನ್ ಅಳೆಯೋ ಗೈಗರ್ ಕೌಂಟರ್ ಬೇಕು. ಹಿಂಗೆ ಕಿರಣ ಅಳೆಯೋದ್ರಲ್ಲೂ ಒಂದು ಮಜಾ ಇದೆ. ಮೇರಿ ಕ್ಯೂರಿ 1898ರಲ್ಲಿ ಅಳೆದು ನೋಡಿದಾಗ ಪಿಚ್‌ಬ್ಲೆಂಡ್ ಶುದ್ಧ ಯುರೇನಿಯಮ್ಮಿಗಿಂತ ಜಾಸ್ತಿ ಕಿರಣ ಬಿಡ್ತಿತ್ತು, ಟಾರ್ಬರ್ನೈಟೂ ಅಷ್ಟೇ. ಅದೇ ಟಾರ್ಬರ್ನೈಟನ್ನ ಲ್ಯಾಬಲ್ಲಿ ತಾವೇ ತಯಾರು ಮಾಡಿ ಅಳೆದ್ರೆ ಕಮ್ಮಿ ಬಂತು. ಅಂದ್ರೆ ಭೂಮಿಯೊಳಗಿನ ಕಲ್ಲಲ್ಲಿ ಬೇರೆ ಯಾರೋ ಕೂತಿದಾರೆ ಅಂತ ಹುಡುಕಿ ಪೊಲೋನಿಯಂ, ರೇಡಿಯಂ ಸಿಕ್ಕಿದ್ದು. ಇವು ಯುರೇನಿಯಂ ಕ್ಷಯಿಸ್ತಾ ಕ್ಷಯಿಸ್ತಾ ಹುಟ್ಟೋ ಮಕ್ಕಳು, ಕೌಂಟರ್ ಟಕಟಕ ಅನ್ನೋದ್ರಲ್ಲಿ ಇಂಥ ಮಕ್ಕಳ ಪಾಲೇ ದೊಡ್ಡದು.

ಮನೇಲಿ ಇಡೋ ತಲೆನೋವೂ ಅಲ್ಲಿಂದಲೇ ಶುರು. ರೇಡಿಯಂನಿಂದ ರೇಡಾನ್ ಅನ್ನೋ ಗ್ಯಾಸ್ ಹುಟ್ಟುತ್ತೆ, ಬಣ್ಣ ಇಲ್ಲ ವಾಸನೆ ಇಲ್ಲ, ಮುಚ್ಚಿದ ಶೋಕೇಸ್ ಒಳಗೆ ತುಂಬ್ಕೊಂಡು ನೀವು ಬಾಗಿಲು ತೆಗೆದಾಗ ನೇರ ಮೂಗಿಗೆ. ಈ ಕಲ್ಲುಗಳು ಬಿಡೋ ಕಿರಣಗಳಲ್ಲಿ ಆಲ್ಫಾ ಕಣ ಅನ್ನೋದು ಒಂದು ಕಾಗದದ ಹಾಳೆ ದಾಟಲ್ಲ ನಿಜ, ಆದ್ರೆ ಧೂಳು ಒಳಗೆ ಹೋದ್ರೆ ತಡೆಯಕ್ಕೆ ಅಲ್ಲಿ ಹಾಳೆ ಇರಲ್ಲ. ಆಟುನೈಟ್ ಅಂತೂ ಒಣಗಿ ಒಣಗಿ ಪುಡಿ ಉದುರುತ್ತೆ. ಹೊರದೇಶದಲ್ಲಿ ಕಾನೂನುಬದ್ಧವಾಗಿ ಇಟ್ಕೊಂಡಿರೋ ಸಂಗ್ರಹಕಾರರು ಸಣ್ಣ ತುಣುಕನ್ನೇ ತಗೋತಾರೆ, ಮಲಗೋ ಕೋಣೇಲಿ ಇಡಲ್ಲ, ಗಾಳಿ ಆಡೋ ಕಡೆ ಇಡ್ತಾರೆ, ಮುಟ್ಟಿದ್ಮೇಲೆ ಕೈ ತೊಳೀತಾರೆ, ಕೊಯ್ಯೋದು ಪಾಲಿಶ್ ಮಾಡೋದು ಇಲ್ಲವೇ ಇಲ್ಲ.

ನಮ್ಮಲ್ಲಿ ಆ ಆಸೇನೇ ಬಿಟ್ಬಿಡಿ. ಯಾದಗಿರಿ ಜಿಲ್ಲೆ ಗೋಗಿ ಹತ್ರ ಯುರೇನಿಯಂ ನಿಕ್ಷೇಪ ಇರೋದು ನಿಜ, ಹಂಗಂತ ಸುತ್ತಿಗೆ ಹಿಡ್ಕೊಂಡು ಹೊರಡಂಗಿಲ್ಲ, ಅನುಮತಿ ಇಲ್ದೆ ಯುರೇನಿಯಂ ಇಟ್ಕೊಳ್ಳೋದು ಅಪರಾಧ, 2021ರಲ್ಲಿ ಮುಂಬೈಲಿ ಏಳು ಕೆಜಿ ಜೊತೆ ಸಿಕ್ಕವರು ಜೈಲು ಸೇರಿದ್ರು. ನಿಮ್ ಕಲ್ಲು ಕ್ಯಾಲ್ಸೈಟೋ ಫ್ಲೋರೈಟೋ ಇರಬಹುದು, ಅನುಮಾನ ಹೋಗ್ಲಿಲ್ಲ ಅಂದ್ರೆ ಒಡೆಯಕ್ಕೆ ಹೋಗ್ಬೇಡಿ, ಹತ್ತಿರದ ಕಾಲೇಜಿನ ಜಿಯಾಲಜಿ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಿ, ಕೌಂಟರ್ ಇದ್ಯಾ ಅಂತ ಮೊದ್ಲೇ ಕೇಳ್ಕೊಳ್ಳಿ.